ಟ್ಯಾಂಜಿಯರ್‌ನಲ್ಲಿ ಆರು ಗಂಟೆ: ಹಳೆಯ ಪೇಟೆ ನೋಡಿ ಬರಬಹುದೇ?

ಪ್ರಶ್ನೆ: ನಮ್ಮ ಕ್ರೂಸ್ ಹಡಗು ಮೊರಾಕೊದ ಟ್ಯಾಂಜಿಯರ್‌ನಲ್ಲಿ ಆರು ಗಂಟೆ ಮಾತ್ರ ನಿಲ್ಲುತ್ತದೆ. ಏರು ಹತ್ತಿದರೆ ಏದುಸಿರು ಬಿಡುವ ಅಮ್ಮನನ್ನು ಕರೆದುಕೊಂಡು, ಪ್ರವಾಸದ ತಂಡ ಸೇರದೆ, ಸಾಂಪ್ರದಾಯಿಕ ಪೇಟೆಯನ್ನು ನಾವೇ ನೋಡಬಹುದೇ?

ಉತ್ತರ 1: ಖಂಡಿತ ನೋಡಬಹುದು. ಮದೀನಾ, ಅಂದರೆ ಆ ಹಳೆಯ ಪೇಟೆ, ಬಂದರಿಗೆ ಹತ್ತಿರವೇ ಇದ್ದರೂ ದಾರಿ ಏರಾಗಿರುವುದರಿಂದ, ಮೊದಲು ಟ್ಯಾಕ್ಸಿಯಲ್ಲಿ ಗ್ರಾಂಡ್ ಸೊಕ್ಕೊ ಚೌಕಕ್ಕೆ ಹೋಗಿ, ಅಲ್ಲಿಂದ ಮದೀನಾದೊಳಗಿನ ಪೆಟಿಟ್ ಸೊಕ್ಕೊ ಮೂಲಕ ಇಳಿಜಾರಿನಲ್ಲಿ ನಡೆದು ಬಂದರೆ ಅಮ್ಮನಿಗೆ ಹಗುರವಾಗುತ್ತದೆ. ಸುಲ್ತಾನ ಐದನೇ ಮೊಹಮ್ಮದ್ 1947ರ ಏಪ್ರಿಲ್ 9ರಂದು ಈ ಊರಿನಲ್ಲಿ ಮಾಡಿದ ಭಾಷಣದ ನೆನಪಿಗೆ ಆ ಚೌಕಕ್ಕೆ ಅದೇ ದಿನಾಂಕದ ಹೆಸರಿದೆ.

ಉತ್ತರ 2: ಚೌಕದ ಸುತ್ತಮುತ್ತ ಕೆಂಪು-ಬಿಳಿ ಪಟ್ಟೆಯ ಬಟ್ಟೆ ಸುತ್ತಿ, ಉಣ್ಣೆಯ ಗೊಂಡೆಗಳಿರುವ ಹುಲ್ಲಿನ ಟೋಪಿ ತೊಟ್ಟ ಬೆಟ್ಟದೂರಿನ ಹೆಂಗಸರು, ನಮ್ಮ ಗಿಣ್ಣಿನಷ್ಟು ಮೆತ್ತಗಿರುವ ಬಿಳಿಯ ಚೀಸನ್ನು ತಾಳೆಗರಿಯಲ್ಲಿಟ್ಟು ಮಾರುತ್ತಾರೆ. ಅವರ ಅನುಮತಿ ಕೇಳದೆ ಫೋಟೊ ತೆಗೆಯಬೇಡಿ.

ಉತ್ತರ 3: ಮೊರಾಕೊದ ಹಣವಾದ ದಿರ್ಹಮ್‌ನ ಚಿಲ್ಲರೆ ಜೊತೆಗಿರಲಿ. ಹಡಗಿನ ಸಮಯಕ್ಕೂ ಊರಿನ ಸಮಯಕ್ಕೂ ವ್ಯತ್ಯಾಸವಿರಬಹುದಾದ್ದರಿಂದ, ಇಳಿಯುವ ಮುನ್ನವೇ ಗಡಿಯಾರ ಹೋಲಿಸಿಕೊಳ್ಳಿ.