ವ್ಯಂಗ್ಯಚಿತ್ರವೋ ವ್ಯಂಗಚಿತ್ರವೋ? ಮತ್ತೆ ಜಿಗ್‌ಸಾಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಬಿಡಿಸಿ ಪುಣ್ಯ ಕಟ್ಟಿಕೊಳ್ಳಿ.

ಅಕ್ಕನ ಮಗ ಲಂಡನ್ನಿನಿಂದ ಬರುವಾಗ ಸಾವಿರ ಚೂರಿನ ಒಂದು ಜಿಗ್‌ಸಾ, ಅಂದರೆ ಚೂರು ಜೋಡಿಸಿ ಚಿತ್ರ ಮಾಡುವ ಆಟ, ತಂದುಕೊಟ್ಟ. ಚಿತ್ರ 1914ರದ್ದು. ಮೊದಲನೇ ಮಹಾಯುದ್ಧ ಶುರುವಾದ ವರ್ಷ ಲಂಡನ್ನಿನ ಜಾನ್ಸನ್, ರಿಡಲ್ ಅಂಡ್ ಕಂಪನಿ ಅಚ್ಚು ಹಾಕಿದ ಯುರೋಪಿನ ನಕಾಶೆ ಅದು. ಹೆಸರು 'ಹಾರ್ಕ್! ಹಾರ್ಕ್! ದ ಡಾಗ್ಸ್ ಡೂ ಬಾರ್ಕ್!', ಅಲ್ಲಿನ ಹಳೇ ಶಿಶುಗೀತೆಯೊಂದರ ಸಾಲು. ದೇಶಗಳ ಜಾಗದಲ್ಲಿ ನಾಯಿಗಳು. ಜರ್ಮನಿ ಉದ್ದ ಮೈ, ಗಿಡ್ಡ ಕಾಲಿನ ಡ್ಯಾಶ್‌ಹುಂಡ್. ಬ್ರಿಟನ್ ಬುಲ್‌ಡಾಗ್, ಫ್ರಾನ್ಸ್ ಪೂಡಲ್. ಪಾಪ, ಆಸ್ಟ್ರಿಯಾ-ಹಂಗರಿಗೆ ಜಾತಿನಾಯಿಯ ಪಟ್ಟವೂ ಇಲ್ಲ, ಬರೀ ಕಂತ್ರಿ. ರಷ್ಯಾ ಕಡೆಯಿಂದ ಒಂದು ರೋಡ್ ರೋಲರ್ ಉರುಳಿಕೊಂಡು ಬರುತ್ತಿದೆ. ಬ್ರಿಟನ್ ಮೇಲೆ ಒಬ್ಬ ನಾವಿಕ ಯುದ್ಧದ ಹಡಗುಗಳಿಗೆ ದಾರ ಕಟ್ಟಿ ಹಿಡಿದುಕೊಂಡಿದ್ದಾನೆ, ನಮ್ಮ ಸೂತ್ರದ ಗೊಂಬೆಯವರ ಹಾಗೆ.

ಆ ದಾರಗಳೇ ನಮ್ಮನ್ನು ಮೂರು ರಾತ್ರಿ ಕಾಡಿದ್ದು. ಸಮುದ್ರದ ಚೂರುಗಳೆಲ್ಲ ಒಂದೇ ಥರ. ನಡುವೆ ಒಂದು ಗೆರೆ ಕಂಡರೆ ದಾರವೋ, ದಡವೋ, ನಾಯಿ ಬಾಲವೋ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಮನೆಯವರದೇ ಒಂದು ಪರಿಭಾಷೆ ಹುಟ್ಟಿತ್ತು. ಚೂರಿನಲ್ಲಿ ಹೊರಗೆ ಚಾಚಿದ್ದು 'ಕಿವಿ', ಒಳಗೆ ಸರಿದದ್ದು 'ಗುಂಡಿ', ನಾಲ್ಕು ಅಂಚಿನ ಚೂರುಗಳು 'ಬೇಲಿ'. "ಈ ಕಿವಿ ಆ ಗುಂಡಿಗೆ ಕೂರಲ್ಲ, ಸುಮ್ನೆ ಒತ್ತಬೇಡ" ಅಂತ ಅಮ್ಮ ಬೈಯುವಾಗ ಯಾರಿಗೂ ನಿಘಂಟು ಬೇಕಾಗಲಿಲ್ಲ.

ಈಗ ಅದಕ್ಕೆ ಚೌಕಟ್ಟು ಹಾಕಿಸಿ ನಮ್ಮ ಬಡಾವಣೆಯ ವಾಚನಾಲಯಕ್ಕೆ ಕೊಡುತ್ತಿದ್ದೇವೆ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೊದಲ ಸಾಲಿಗೇ ನಿಂತೆ.

ಜಿಗ್‌ಸಾಗೆ ಏನನ್ನುವುದು? ಪದಬಂಧದ ಜಾಡಿನಲ್ಲಿ 'ಚಿತ್ರಬಂಧ' ಅಂತ ಬರೆದು ಖುಷಿಪಟ್ಟೆ. ಆಮೇಲೆ ನೆನಪಾಯಿತು, ಆ ಮನೆಯಲ್ಲಿ ಆಗಲೇ ಬಾಡಿಗೆದಾರರಿದ್ದಾರೆ. ಚಕ್ರಬಂಧ, ಪದ್ಮಬಂಧ, ಮುರಜಬಂಧ ಅಂತ ಅಕ್ಷರಗಳನ್ನು ಆಕಾರಕ್ಕೆ ಕೂರಿಸುವ ಚಿತ್ರಕಾವ್ಯದ ಬಂಧಗಳು ಅವು. ಇಂಗ್ಲಿಷ್ ಹೆಸರಾದರೂ ಏನು ಮಹಾ, ಕತ್ತರಿಸುವ ಗರಗಸದ ಹೆಸರೇ ಆಟಕ್ಕೆ ಬಂದಿದೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮಕ್ಕಳಿಗೆ ಭೂಗೋಳ ಕಲಿಸಲೆಂದು ನಕಾಶೆಯನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯ ಗುಂಟ ಕತ್ತರಿಸಿ ಮಾರುತ್ತಿದ್ದಾಗ ಅದಕ್ಕೆ ಈ ಹೆಸರಿರಲಿಲ್ಲ. ಸದ್ಯಕ್ಕೆ 'ಚೂರುಚಿತ್ರ' ಅಂತ ಬರೆದಿದ್ದೇನೆ. ಹರಿದ ಚಿತ್ರ ಅನ್ನಿಸುತ್ತದಾ?

ನಿಜವಾದ ತಲೆನೋವು ಎರಡನೆಯದು. ಪೆಟ್ಟಿಗೆಯ ಮೇಲೆ ಇರುವುದು 'ಕ್ಯಾರಿಕೇಚರ್'. ನಾವು ಕಾರ್ಟೂನಿಗೂ ಇದಕ್ಕೂ ವ್ಯಂಗ್ಯಚಿತ್ರ ಅಂದುಬಿಡುತ್ತೇವೆ. ಕ್ಯಾರಿಕೇಚರ್ ಹುಟ್ಟಿದ್ದು ಹೊರೆ ಹೇರು ಅನ್ನುವ ಇಟಾಲಿಯನ್ ಪದದಿಂದ. ಇರುವ ಮೂಗಿನ ಮೇಲೆ ಇನ್ನಷ್ಟು ಮೂಗು ಹೇರುವುದು. ವ್ಯಂಗ್ಯ ಹಾಗಲ್ಲ, ಹೇಳದೆ ಹೊಳೆಯಿಸುವುದು. ನಮ್ಮ ಕಾವ್ಯಮೀಮಾಂಸೆಯಲ್ಲಿ ವಾಚ್ಯದ, ಅಂದರೆ ನೇರವಾಗಿ ಹೇಳಿದ್ದರ, ಎದುರಿಗೆ ನಿಲ್ಲುವ ಪದ.

ಮಜಾ ಇರುವುದು ಇಲ್ಲಿ. ಮರಾಠಿಯವರು ಬರೆಯುವುದು 'ವ್ಯಂಗಚಿತ್ರ', ಗಕ್ಕೆ ಯ ಒತ್ತಿಲ್ಲ. ವ್ಯಂಗ ಅಂದರೆ ಅಂಗದಲ್ಲಿ ಊನ. ನಮ್ಮಲ್ಲಿ ಯಾರಾದರೂ ಹಾಗೆ ಬರೆದರೆ ಕಾಗುಣಿತ ತಪ್ಪು ಅಂತ ತಿದ್ದುತ್ತೇವೆ. ಆದರೆ ಮೂಗು ಉದ್ದ ಮಾಡಿದ್ದು ವ್ಯಂಗ, ಮಾತು ಒಳಗಿಟ್ಟದ್ದು ವ್ಯಂಗ್ಯ, ಒಂದು ಒತ್ತಿನಲ್ಲಿ ಎರಡು ಪದ ರೆಡಿ ಅಲ್ವಾ? ತೊಡಕೂ ಇದೆ. ಕಿವಿಗೆ ಎರಡೂ ಒಂದೇ ಕೇಳುತ್ತವೆ. ಇನ್ನೊಬ್ಬರ ಊನವನ್ನು ನಗೆಯ ಹೆಸರಿಗೆ ಕಟ್ಟುವುದು ನನಗೂ ಹಿಡಿಸುವುದಿಲ್ಲ.

ಬ್ರಿಟನ್ನಿನ ಕಾರ್ಟೂನಿಸ್ಟ್ ಡೇವಿಡ್ ಲೋ 1939ರ ಸೆಪ್ಟೆಂಬರಿನಲ್ಲಿ ಬರೆದ ಚಿತ್ರ ನೋಡಿ. ಬಿದ್ದ ಪೋಲೆಂಡಿನ ಹೆಣದ ಎರಡೂ ಪಕ್ಕ ಹಿಟ್ಲರ್, ಸ್ಟಾಲಿನ್ ಟೋಪಿ ಎತ್ತಿ ನಮಸ್ಕರಿಸುತ್ತಿದ್ದಾರೆ. ಮುಖಗಳು ಕ್ಯಾರಿಕೇಚರ್, ಇಡೀ ಚಿತ್ರ ಕಾರ್ಟೂನು. (ಮೈಸೂರಿನ ಹುಡುಗ ಆರ್. ಕೆ. ಲಕ್ಷ್ಮಣ್ ಈ ಲೋ (Low) ಅವರ ಸಹಿಯನ್ನು ಬಹಳ ದಿನ 'ಕೌ' (Cow) ಅಂತ ಓದಿಕೊಂಡಿದ್ದರಂತೆ. ಒಂದಕ್ಷರದ ಗೊಂದಲ ನನ್ನೊಬ್ಬನದಲ್ಲ.) ನಮ್ಮ ನಾಯಿ ನಕಾಶೆಯಲ್ಲಿ ಆ ಥರ ಹಿಗ್ಗಿಸಿದ ಮುಖಗಳ ಆಟವಿಲ್ಲ, ದೇಶಗಳ ಅಣಕ ಇದೆ. ಹಾಗಾಗಿ ಚೌಕಟ್ಟಿನ ಕೆಳಗೆ ವ್ಯಂಗ್ಯಚಿತ್ರ ಅಂತಲೇ ಬರೆದರೆ ತಪ್ಪಿಲ್ಲ ಅನ್ನಿಸುತ್ತದೆ. ಜರ್ಮನ್ನರೂ ಎರಡಕ್ಕೂ 'ಕಾರಿಕಾಟೂರ್' ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ.

ಆದರೆ ಮದುವೆ ಆರತಕ್ಷತೆಯಲ್ಲಿ ಐದು ನಿಮಿಷಕ್ಕೆ ನಮ್ಮ ಮುಖ ಬರೆದುಕೊಡುತ್ತಾರಲ್ಲ, ಅದಕ್ಕೇನು ಹೇಳೋಣ? ಅಲ್ಲಿ ವ್ಯಂಗ್ಯವೇ ಇಲ್ಲ. 'ವ್ಯಂಗ್ಯಭಾವಚಿತ್ರ' ಬಾಯಲ್ಲಿ ಹೊರಳುವುದಿಲ್ಲ. 'ಅಣಕುಚಿತ್ರ' ಪರವಾಗಿಲ್ಲ, ಆದರೆ ಬೇರೆ ಚಿತ್ರದ ನಕಲು ಅಂದುಕೊಳ್ಳುವವರೇ ಜಾಸ್ತಿ. ನನ್ನದನ್ನು ನೋಡಿ ಅಮ್ಮ ಅಂದದ್ದು "ಸೊಟ್ಟಮೂತಿ ಪಟ". ಅರ್ಥವೇನೋ ಪಕ್ಕಾ, ಬರಹಕ್ಕೆ ಒಗ್ಗೀತಾ?

ನಿಮ್ಮ ಕಡೆ ಏನಂತಾರೆ? ಉತ್ತರ ಕರ್ನಾಟಕದವರು ಮರಾಠಿಯ ಹಾಗೆ 'ವ್ಯಂಗಚಿತ್ರ' ಅಂತ ಬರೆದದ್ದು ನೋಡಿದ್ದೀರಾ? ಚೌಕಟ್ಟಿನವನು ಶನಿವಾರ ಬರುತ್ತಾನೆ, ಅದರೊಳಗೆ ಹೇಳಿದರೆ ಒಳ್ಳೆಯದು.