ಬ್ರಿಟನ್ ಯೂನಿವರ್ಸಿಟಿಯಲ್ಲಿ ಕಬಡ್ಡಿ ಕ್ಲಬ್: ಅಥ್ಲೆಟಿಕ್ ಯೂನಿಯನ್ನಾ, ಸೊಸೈಟಿಯಾ? ಅನುಭವ ಇದ್ದವರು ಹೇಳಿ

ಮಂಡ್ಯ_ರೈಡರ್
ಸೆಪ್ಟೆಂಬರ್‌ಗೆ ಒಂದು ವರ್ಷದ ಎಂಎಸ್ಸಿಗೆ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಹೊರಟಿದ್ದೀನಿ. ಯೂನಿವರ್ಸಿಟಿಯಲ್ಲಿ ಕಬಡ್ಡಿ ಕ್ಲಬ್ ಇಲ್ಲ. ವಾಟ್ಸಾಪ್ ಗುಂಪಲ್ಲಿ ಹದಿನೈದು ಜನ ಆಡ್ತೀವಿ ಅಂದಿದಾರೆ. ಅಥ್ಲೆಟಿಕ್ ಯೂನಿಯನ್ (ಯೂನಿವರ್ಸಿಟಿಯ ಕ್ರೀಡಾ ಕ್ಲಬ್ಬುಗಳನ್ನ ನೋಡ್ಕೊಳ್ಳೋ ಸಂಘ) ಕೆಳಗೆ ಕ್ಲಬ್ ಮಾಡೋದಾ, ಸ್ಟೂಡೆಂಟ್ಸ್ ಯೂನಿಯನ್‌ನಲ್ಲಿ ಸೊಸೈಟಿ (ಹವ್ಯಾಸದ ಗುಂಪು) ಮಾಡ್ಕೊಳ್ಳೋದಾ, ಇಲ್ಲಾ ಊರಿನ ಕ್ಲಬ್ ಸೇರೋದಾ? ಕೈಯಲ್ಲಿ ದುಡ್ಡು ಕಮ್ಮಿ.

ಖಜಾಂಚಿ_ಕೊಡಗು
ಅಥ್ಲೆಟಿಕ್ ಯೂನಿಯನ್ನೇ, ಎರಡು ಮಾತಿಲ್ಲ. ನಮ್ಮ ಕ್ಲಬ್ ಆ ದಾರೀಲಿ ಹೋಗಿದ್ದಕ್ಕೇ ಇವತ್ತಿಗೂ ನಡೀತಿದೆ.

ಅರ್ಜಿಗೆ ಬೇಕಾದ್ದು ನಿಯಮಾವಳಿ, ಆಸಕ್ತರ ಹೆಸರು-ಐಡಿ ಪಟ್ಟಿ, ಅಧ್ಯಕ್ಷ-ಕಾರ್ಯದರ್ಶಿ-ಖಜಾಂಚಿ ಮೂವರು, ವರ್ಷದ ಬಜೆಟ್, ರಿಸ್ಕ್ ಅಸೆಸ್‌ಮೆಂಟ್ (ಅಪಾಯ ಮತ್ತು ತಡೆಗಳ ಪಟ್ಟಿ). ಇಷ್ಟು ಎಲ್ಲರಿಗೂ ಗೊತ್ತು. ಅರ್ಜಿ ಬೀಳೋದು ರಿಸ್ಕ್ ಅಸೆಸ್‌ಮೆಂಟ್‌ನಲ್ಲಿ. 'ಗಾಯ ಆಗಬಹುದು, ಎಚ್ಚರ ವಹಿಸುತ್ತೇವೆ' ಅಂತ ಬರೆದ್ರೆ ಮಾರನೇ ದಿನವೇ ವಾಪಸ್. ಆಂಕಲ್ ಹೋಲ್ಡ್, ಥೈ ಹೋಲ್ಡ್, ಚೈನ್ ಟ್ಯಾಕಲ್ (ಕೈ ಕೈ ಹಿಡಿದು ರೈಡರನ್ನ ತಡೆಯೋದು), ಡ್ಯಾಶ್ (ರೈಡರನ್ನ ಗುದ್ದಿ ಗೆರೆಯಾಚೆ ತಳ್ಳೋದು) ಒಂದೊಂದಕ್ಕೂ ಬೇರೆ ಸಾಲು ಬೇಕು: ಏನು ಮುರೀಬಹುದು, ಯಾಕೆ, ತಡೆ ಏನು, ಯಾರು ಹೊಣೆ. ಡ್ಯಾಶ್‌ಗೆ 'ಗೋಡೆಯಿಂದ ಇಷ್ಟು ಮೀಟರ್ ಖಾಲಿ ಜಾಗ' ಅಂತ ಅಳತೆ ಹಾಕಿ. ತಲೆಗೆ ಪೆಟ್ಟು ಬೀಳೋ ವಿಷಯಕ್ಕೆ ಬ್ರಿಟನ್ನಿನ 2023ರ ಕನ್ಕಶನ್ (ಪೆಟ್ಟಿನಿಂದ ಮಿದುಳಿಗಾಗೋ ಆಘಾತ) ಮಾರ್ಗಸೂಚಿ ಉಲ್ಲೇಖಿಸಿ: ಅನುಮಾನ ಬಂದ್ರೆ ಆಟಗಾರ ಹೊರಗೆ, ಮೊದಲ 24ರಿಂದ 48 ಗಂಟೆ ವಿಶ್ರಾಂತಿ, 21 ದಿನದ ಒಳಗೆ ಪಂದ್ಯ ಇಲ್ಲ. ಈ ಒಂದು ಸಾಲು ಇದ್ರೆ ಓದೋರ ಮುಖವೇ ಬದಲಾಗುತ್ತೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಹಾಲ್ ಗಂಟೆಗೆ 45 ಪೌಂಡ್ ಅಂದ್ಕೊಳ್ಳಿ, ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 20 ವಾರ: 1,800 ಪೌಂಡ್. 24 ಸದಸ್ಯರಿದ್ರೆ ತಲೆಗೆ 75. ಹದಿನೈದೇ ಜನ ಉಳಿದ್ರೆ 120. ಅದಕ್ಕೇ ಬಜೆಟ್ಟನ್ನ 'ಬರ್ತೀವಿ' ಅಂದವರಲ್ಲಿ ಅರ್ಧ ಜನರ ಲೆಕ್ಕಕ್ಕೆ ಹಾಕಬೇಕು, ವಾಟ್ಸಾಪ್ ಥಂಬ್ಸಪ್ ನಂಬಿ ಅಲ್ಲ. ಜೊತೆಗೆ ಯೂನಿವರ್ಸಿಟಿ ಸ್ಪೋರ್ಟ್ಸ್ ಪಾಸ್ ಪ್ರತ್ಯೇಕ, ಅದಿಲ್ಲದೆ ಟರ್ನ್‌ಸ್ಟೈಲ್ ತೆರೆಯಲ್ಲ. ಹೊಸ ಕ್ಲಬ್ಬಿಗೆ ಮೊದಲ ವರ್ಷ ಗ್ರಾಂಟ್ ಸಿಗುತ್ತೆ ಅಂತ ಎಣಿಸ್ಲೇಬೇಡಿ.

ಹುಬ್ಳಿ_ಡಿಫೆಂಡರ್
ಅಣ್ಣಾರ, ಹೇಳೂದು ಭಾಳ ಸಸಾರ ಐತ್ರಿ. ಕಬಡ್ಡಿ ಬಕ್ಸ್ (ಬ್ರಿಟನ್ ಯೂನಿವರ್ಸಿಟಿಗಳ ಕ್ರೀಡಾ ಸಂಸ್ಥೆ) ಪಟ್ಟಿಯೊಳಗ ಇಲ್ಲ ಅನ್ನೂದ ಮುಚ್ಚಿಟ್ರಿ. 2008ರಾಗ ಎರಡು ಸಂಸ್ಥೆ ಕೂಡಿ ಬಕ್ಸ್ ಆತು, ಆವತ್ತಿಂದ ಅಥ್ಲೆಟಿಕ್ ಯೂನಿಯನ್‌ದವ್ರಿಗೆ ಬಕ್ಸ್ ಪಾಯಿಂಟ್ ಅಂದ್ರ ಪ್ರಾಣ. ಪಾಯಿಂಟ್ ತರೂ ಆಟಕ್ಕ ಬುಧವಾರ ಮಧ್ಯಾಹ್ನ ಹಾಲ್, ಕೋಚ್, ಬಸ್ಸು ಎಲ್ಲಾ. ಪಾಯಿಂಟ್ ತರದ ಆಟಕ್ಕ ಶುಕ್ರವಾರ ರಾತ್ರಿ 9ಕ್ಕ ಹಾಲ್. ಕೊನೀ ಬಸ್ಸು ತಪ್ಪಿದ್ರ ಟ್ಯಾಕ್ಸಿ ರೊಕ್ಕ ಯಾರು ಕೊಡ್ತಾರ?

ನಮ್ಮದು ಸೊಸೈಟಿ. ಸದಸ್ಯತ್ವ 5 ಪೌಂಡ್, ಸ್ಪೋರ್ಟ್ಸ್ ಪಾಸ್ ಬ್ಯಾಡ. ಏಪ್ರಿಲ್‌ದಿಂದ ಪಾರ್ಕಿನ್ಯಾಗ ಹುಲ್ಲಿನ ಮ್ಯಾಲ ಆಡಿದ್ರ ಬಾಡಿಗಿ ಸೊನ್ನಿ.

ಖಜಾಂಚಿ_ಕೊಡಗು
ಹುಲ್ಲಿನ ಮೇಲೆ ಮೊಣಕಾಲು ತಿರುಗಿದ್ರೆ ಇನ್ಶೂರೆನ್ಸ್ ಯಾರದ್ದು? ಸೊಸೈಟಿ ಅಂತ ನೋಂದಾಯಿಸಿ ದೈಹಿಕ ಸಂಪರ್ಕದ ಆಟ ಆಡಿದ್ರೆ ಯೂನಿಯನ್ ಪಾಲಿಸಿ ನಿಮ್ಮನ್ನ ಮುಟ್ಟಲ್ಲ, ಆ ಚಟುವಟಿಕೆಗೆ ಬೇರೆಯಾಗಿ ಒಪ್ಪಿಗೆ ಇಲ್ಲದಿದ್ರೆ. ಇನ್ನೊಂದು, ಪಬ್ಲಿಕ್ ಲಯಬಿಲಿಟಿ ಬೇರೆ, ಪರ್ಸನಲ್ ಆಕ್ಸಿಡೆಂಟ್ ಬೇರೆ. ಮೊದಲನೆಯದು ನೀವು ಬೇರೆಯವರಿಗೆ ಮಾಡಿದ ಹಾನಿಗೆ. ನಿಮ್ಮ ಹಲ್ಲು ಹೋದ್ರೆ ಎರಡನೆಯದು ಬೇಕು. ಇದು ಗೊತ್ತಿಲ್ದೆ ಸೊನ್ನೆ ಬಾಡಿಗೆ ಅಂತ ಹೆಮ್ಮೆ ಪಡೋದು ಬೇಡ.

ಹುಬ್ಳಿ_ಡಿಫೆಂಡರ್
ಒಪ್ಪಿಗಿ ತೊಗೊಂಡ ಆಡ್ತೇವ್ರಿ, ನಾವೇನು ಹಾದಿಮ್ಯಾಗಿನವ್ರಲ್ಲ. ಫಾರ್ಮ್ ಹಾಕಿದ ಮ್ಯಾಲ ಯೂನಿಯನ್ ಕಡಿಂದ ಮೇಲ್ ಬರತೈತಿ, ಅದನ್ನ ಪಿಡಿಎಫ್ ಮಾಡಿ ಇಟ್ಟುಕೊಳ್ರಿ. ಮಾತಿನ್ಯಾಗ 'ಓಕೆ' ಅಂದದ್ದು ಲೆಕ್ಕಕ್ಕಿಲ್ಲ.

ಕುಂದಾಪ್ರ_ಮ್ಯಾಟ್
ಇಬ್ರೂ ಫಾರ್ಮಿನ ಜಗಳದಲ್ಲೇ ಇದ್ದೀರಿ ಮಾರಾಯ್ರೆ, ಮ್ಯಾಟ್ ಬಗ್ಗೆ ಮಾತೇ ಇಲ್ಲ. ಕ್ಲಬ್ ಸಾಯುವುದು ಅಲ್ಲಿ.

ಗಂಡಸರ ಅಂಕಣ 13 × 10 ಮೀಟರ್. ಹೊಸ ಮ್ಯಾಟ್ ಖರೀದಿ ಅಂದ್ರೆ 130 ಚದರ ಮೀಟರ್, ಮರ್ತುಬಿಡಿ. ಜೂಡೋ ಕ್ಲಬ್ಬಿನ ಮ್ಯಾಟ್ ಕೇಳಿ. ಅವು 2 × 1 ಮೀಟರ್, 40 ಮಿಲಿಮೀಟರ್ ದಪ್ಪ. 13 × 10ಕ್ಕೆ 65 ಬೇಕು, 10 × 10ರ ಜೂಡೋ ಜಾಗ ಇರುವವರ ಹತ್ತಿರ ಇರುವುದು 50. ಆದರೆ ಹೆಂಗಸರ ಅಂಕಣ 12 × 8. ಅಂದ್ರೆ ಸರಿಯಾಗಿ 48 ಮ್ಯಾಟ್. ಅಭ್ಯಾಸಕ್ಕೆ ಅದೇ ಅಳತೆ ಸಾಕು.

ಹಾಸುವ ಕ್ರಮ ಇದು. ನಡುವಿನ 6 ಮೀಟರ್ ಅಗಲಕ್ಕೆ ಮ್ಯಾಟಿನ ಉದ್ದ ಬದಿ ಅಡ್ಡಕ್ಕೆ, ಸಾಲಿಗೆ 3, ಹಾಗೆ 12 ಸಾಲು: 36. ಎರಡೂ ಲಾಬಿಗೆ (ಬದಿಯ 1 ಮೀಟರ್ ಪಟ್ಟಿ) ಉದ್ದಕ್ಕೆ ಆರಾರು: 12. ಹೀಗೆ ಹಾಸಿದ್ರೆ ನಡುಗೆರೆ, ಅಲ್ಲಿಂದ 3 ಮೀಟರಿನ ಬಾಕ್ ಲೈನ್ (ರೈಡರ್ ದಾಟಬೇಕಾದ ಗೆರೆ), 4 ಮೀಟರಿನ ಬೋನಸ್ ಲೈನ್, ಲಾಬಿ ಗೆರೆ ಎಲ್ಲವೂ ಮ್ಯಾಟಿನ ಸಂದಿಗೇ ಬೀಳ್ತದೆ, ಟೇಪ್ ಬೇಡ. ಗಂಡಸರ ಅಂಕಣದಲ್ಲಿ ಬಾಕ್ ಲೈನ್ 3.75ಕ್ಕೆ, ಸಂದಿಗೆ ಬರುವುದಿಲ್ಲ. ಆಗ ಅಂಟು ಕಮ್ಮಿ ಇರುವ ಪಿವಿಸಿ ಟೇಪ್ ಹಾಕಿ, ಆಟ ಮುಗಿದ ಕೂಡ್ಲೇ ತೆಗೀರಿ. ಗ್ಯಾಫರ್ ಟೇಪ್ ಹಾಕಿದ್ರೆ ಗೋಂದು ಉಳಿದು ಜೂಡೋದವ್ರು ಮತ್ತೆ ಬಾಗಿಲು ತೆಗೆಯುವುದಿಲ್ಲ.

ಶೂ ವಿಷಯ ಮೊದಲೇ ಮಾತಾಡಿ. ಜೂಡೋದವ್ರಿಗೆ ಮ್ಯಾಟ್ ಮೇಲೆ ಶೂ ಅಂದ್ರೆ ಪಾಪ. ಬರಿಗಾಲಲ್ಲಿ ಆಡಿದ್ರೆ ರೈಡರ್ ಹಿಂದಕ್ಕೆ ತಿರುಗುವಾಗ ಹೆಬ್ಬೆರಳ ಚರ್ಮ ಸುಲಿಯುತ್ತದೆ. ನಡುದಾರಿ ಅಂದ್ರೆ ಹಾಲಿನ ಒಳಗೆ ಮಾತ್ರ ಹಾಕುವ ಬೇರೆ ಶೂ, ಅಡಿ ಒರೆಸಿ.

ದೊಡ್ಡ ಅಪಾಯ ಸಂದಿ ತೆರೆಯುವುದು. ಮರದ ನೆಲದ ಮೇಲೆ ಮ್ಯಾಟ್ ಜಾರ್ತದೆ. ಚೈನ್ ಹಾಕಿ ನೂಕಿದಾಗ ರೈಡರಿನ ಪಾದ ಎರಡು ಬೆರಳಗಲ ಸಂದಿಗೆ ಸಿಕ್ಕಿ, ದೇಹ ತಿರುಗಿ, ಕಾಲು ಅಲ್ಲೇ ನಿಂತು ಹಿಮ್ಮಡಿಗಂಟು ಹೋಗ್ತದೆ. ಪ್ರತಿ ಹತ್ತು ನಿಮಿಷಕ್ಕೆ ಆಟ ನಿಲ್ಲಿಸಿ ನಾಲ್ಕು ಮೂಲೆಯಿಂದ ಒಳಕ್ಕೆ ಒತ್ತಿ. ಬೆಂಚು ತಂದು ಅಂಚಿಗೆ ಆನಿಸುವ ಬುದ್ಧಿವಂತಿಕೆ ಬೇಡ, ಅದಕ್ಕೇ ತಲೆ ಬಡಿಯುವುದು.

ಒಂದೊಂದು ಮ್ಯಾಟ್ ಸುಮಾರು 18 ಕಿಲೋ. ಎಂಟು ಜನ ಜೋಡಿಯಾಗಿ ಹೊತ್ತರೆ ಹಾಸಲಿಕ್ಕೆ 20 ನಿಮಿಷ, ತೆಗೀಲಿಕ್ಕೆ 15. ಎರಡು ಗಂಟೆ ಬಾಡಿಗೆ ಕೊಟ್ಟು ಆಡುವುದು 85 ನಿಮಿಷ.

ಖಜಾಂಚಿ_ಕೊಡಗು
ನಿಮ್ಮ ಲೆಕ್ಕದಲ್ಲಿ ರನ್-ಆಫ್ (ಅಂಕಣದ ಅಂಚಿನಾಚೆ ಬೀಳೋಕೆ ಜಾಗ) ಎಲ್ಲಿ? 12 × 8 ಅಂಚಿಗೆ ಮುಗಿದ್ರೆ ಡ್ಯಾಶ್ ತಿಂದವನು ಬೀಳೋದು ಮರದ ಮೇಲೆ.

ಕುಂದಾಪ್ರ_ಮ್ಯಾಟ್
ಅಭ್ಯಾಸದಲ್ಲಿ ಡ್ಯಾಶ್ ನಿಷೇಧ. ಉಳಿದ ಎರಡು ಮ್ಯಾಟ್ ಎಂಡ್ ಲೈನಿನ ಹಿಂದೆ ಹಾಕಿ. ಬರೀ ಕಾಗದದಲ್ಲಿ ಸಾಲು ಬರೆದವ್ರಿಗೆ ಇದು ತಿಳಿಯುವುದು ಕಷ್ಟ.

ಖಜಾಂಚಿ_ಕೊಡಗು
ಡ್ಯಾಶ್ ಇಲ್ಲದ ಕಬಡ್ಡಿಗೆ ಮ್ಯಾಟ್ ಯಾಕೆ ಸ್ವಾಮಿ, ಕುರ್ಚಿ ಹಾಕ್ಕೊಂಡು ಆಡಿ.

ಸ್ಟೀರಿಂಗ್_ತುಮಕೂರು
ಪಂದ್ಯಕ್ಕೆ ಹೋಗೋದು ಹೇಗೆ ಅಂತ ಯಾರೂ ಹೇಳಿಲ್ಲ. ಆಡೋರು 7, ಬದಲಿ 5, ಒಟ್ಟು 12. ಎಲ್ಲರೂ ಮಿನಿಬಸ್ ಅಂತಾರೆ. ಇಂಡಿಯಾ ಲೈಸೆನ್ಸಲ್ಲಿ ಮಿನಿಬಸ್ ಮುಟ್ಟೋಹಾಗಿಲ್ಲ. ಬ್ರಿಟನ್ನಿಗೆ ಹೋದ ಮೊದಲ 12 ತಿಂಗಳು ನಮ್ಮ ಲೈಸೆನ್ಸಲ್ಲಿ ಸಣ್ಣ ಗಾಡಿ ಓಡಿಸ್ಬಹುದು, ಅಂದ್ರೆ ಡ್ರೈವರ್ ಬಿಟ್ಟು 8 ಸೀಟಿನ ತನಕ. ಅಲ್ಲಿಯವರೇ ಆದ್ರೂ 1997ರ ಜನವರಿ 1ರಿಂದ ಈಚೆಗೆ ಕಾರ್ ಟೆಸ್ಟ್ ಪಾಸಾದವರಿಗೆ ಡಿ1 (ಮಿನಿಬಸ್ ಓಡಿಸೋ ಅನುಮತಿ) ತಾನಾಗಿ ಬರಲ್ಲ. ಅಂಥವರು ಸಂಬಳ ಇಲ್ಲದೆ, ಲಾಭ ಇಲ್ಲದ ಸಂಸ್ಥೆಗೆ, 21 ತುಂಬಿ, ಲೈಸೆನ್ಸ್ ಸಿಕ್ಕಿ 2 ವರ್ಷ ಆಗಿ, ಗಾಡಿ 3.5 ಟನ್ ಮೀರದೆ ಇದ್ರೆ 16 ಪ್ರಯಾಣಿಕರ ತನಕ ಓಡಿಸ್ಬಹುದು. ಟ್ರೇಲರ್ ಇಲ್ಲ.

ಸಿಕ್ಕಿಬೀಳೋ ಜಾಗ ಪೆಟ್ರೋಲ್ ದುಡ್ಡು. ತಲೆಗೆ 6 ಪೌಂಡ್ ಹಾಕಿ ಅಂತ ವಸೂಲಿ ಮಾಡಿದ್ರೆ ಅದು ಬಾಡಿಗೆ ಓಡಾಟ ಅಂತ ಲೆಕ್ಕ. ಸಂಸ್ಥೆಯ ಹೆಸರಲ್ಲಿ ಸೆಕ್ಷನ್ 19 ಪರ್ಮಿಟ್ (ಲಾಭ ಇಲ್ಲದ ಸಂಸ್ಥೆ ದುಡ್ಡು ತಗೊಂಡು ಜನರನ್ನ ಕರೆದೊಯ್ಯೋ ಪರವಾನಗಿ) ಇರಬೇಕು, ಡಿಸ್ಕ್ ಗಾಡಿಯ ಗಾಜಿನ ಮೇಲೆ ಇರಬೇಕು. ಯೂನಿಯನ್ ಮಿನಿಬಸ್‌ಗೆ ಸಾಮಾನ್ಯವಾಗಿ ಇರುತ್ತೆ, ಹೊರಗಿಂದ ತಂದ ಬಾಡಿಗೆ ಗಾಡಿಗೆ ತಾನಾಗಿ ಬರಲ್ಲ. ಅಗ್ಗದ ದಾರಿ ರೈಲು: 16ರಿಂದ 25 ರೈಲ್‌ಕಾರ್ಡಿಗೆ ಮೂರನೇ ಒಂದು ಭಾಗ ರಿಯಾಯಿತಿ, ವಯಸ್ಸು ದಾಟಿದ್ರೂ ಪೂರ್ಣಾವಧಿ ವಿದ್ಯಾರ್ಥಿಗೆ ಅದೇ ಕಾರ್ಡ್ ಸಿಗುತ್ತೆ.

ಹುಬ್ಳಿ_ಡಿಫೆಂಡರ್
ಪಂದ್ಯ ಎಲ್ಲೈತ್ರಿ ಹೋಗಾಕ? ಮಿಡ್‌ಲ್ಯಾಂಡ್ಸ್‌ದಾಗ ಪಂಜಾಬಿ ಮಂದಿ ಬ್ಯಾಸಗಿಯೊಳಗ ದೊಡ್ಡ ದೊಡ್ಡ ಟೂರ್ನಮೆಂಟ್ ಮಾಡ್ತಾರ, ಆದ್ರ ಅದು ಸರ್ಕಲ್ ಕಬಡ್ಡಿ. ಹುಲ್ಲು, ವೃತ್ತದ ಅಂಕಣ, ಒಬ್ಬ ರೈಡರ್‌ನ ಒಬ್ಬನ ಹಿಡೀಬೇಕು. ಚೈನ್ ಕಲ್ತು ಹೋದ್ರ ಅಲ್ಲಿ ಉಪಯೋಗ ಇಲ್ಲ.

ಕುಂದಾಪ್ರ_ಮ್ಯಾಟ್
ಮ್ಯಾಟಿನ ಆಟವೂ ಉಂಟು. 2025ರ ಮಾರ್ಚಿನಲ್ಲಿ ಕಬಡ್ಡಿ ವಿಶ್ವಕಪ್ ನಡೆದದ್ದೇ ವೆಸ್ಟ್ ಮಿಡ್‌ಲ್ಯಾಂಡ್ಸಿನಲ್ಲಿ, ವುಲ್ವರ್‌ಹ್ಯಾಂಪ್ಟನ್, ಬರ್ಮಿಂಗ್‌ಹ್ಯಾಮ್ ಕಡೆ. ಪ್ರಶ್ನೆ ಕೇಳಿದವರು ಹೋಗುವುದೂ ಅಲ್ಲಿಗೇ ಅಲ್ವಾ?

ಹುಬ್ಳಿ_ಡಿಫೆಂಡರ್
ವಿಶ್ವಕಪ್ ಬ್ಯಾರೆ, ಶನಿವಾರ ಆಡಾಕ ಎದುರಾಳಿ ಬ್ಯಾರೆ.

ವೀಸಾ_ಮೈಸೂರು
ಊರಿನ ಕ್ಲಬ್ ಅಂತ ಕೇಳಿದ್ದಕ್ಕೆ ಹೇಳ್ತೀನಿ. ಸ್ಟೂಡೆಂಟ್ ವೀಸಾದಲ್ಲಿ ವೃತ್ತಿಪರ ಆಟಗಾರನಾಗಿ, ಕೋಚ್ ಆಗಿ ಕೆಲಸ ಮಾಡೋಹಾಗಿಲ್ಲ. ಮಕ್ಕಳಿಗೆ ಭಾನುವಾರ ಕಬಡ್ಡಿ ಹೇಳಿಕೊಟ್ಟು 20 ಪೌಂಡ್ ತಗೊಂಡ್ರೂ ಅದೇ ತಂಟೆ. ಟರ್ಮ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸದ ಅನುಮತಿ ಇದಕ್ಕೆ ಅನ್ವಯಿಸಲ್ಲ. ಹತ್ತಿರದ ವರ್ಷಗಳಲ್ಲಿ ರಾಜ್ಯ ತಂಡಕ್ಕೆ ಆಡಿದವರು, ಜೂನಿಯರ್ ಆದ್ರೂ ಸರಿ, ಹೊರಗಿನ ಕ್ಲಬ್ಬಿಗೆ ಸಹಿ ಹಾಕೋ ಮುಂಚೆ ಯೂನಿವರ್ಸಿಟಿಯ ವೀಸಾ ಸಲಹಾ ಕಚೇರಿಯಿಂದ ಲಿಖಿತ ಉತ್ತರ ತಗೊಳ್ಳಿ. ಕ್ಲಬ್ ಸೆಕ್ರೆಟರಿ 'ಏನೂ ಆಗಲ್ಲ' ಅಂದ್ರೆ ವೀಸಾ ಹೋಗೋದು ಅವರದ್ದಲ್ಲ.

ಸ್ಟೀರಿಂಗ್_ತುಮಕೂರು
ಸುಮ್ನೆ ಹೆದರಿಸ್ಬೇಡಿ ಮೇಡಂ, ಅರ್ಧ ಇಂಗ್ಲೆಂಡ್ ಶನಿವಾರ ಕ್ಲಬ್ ಕ್ರಿಕೆಟ್ ಆಡ್ತಿದೆ.

ವೀಸಾ_ಮೈಸೂರು
ಆಡೋದು ತಪ್ಪು ಅಂತ ಎಲ್ಲಿ ಬರೆದಿದೀನಿ? ದುಡ್ಡು ತಗೊಳ್ಳೋದು, ಪುಕ್ಕಟೆ ಮನೆ-ಕಾರು ತಗೊಳ್ಳೋದು ತೊಂದರೆ. ಓದಿ ಉತ್ತರ ಕೊಡಿ.

ಮಂಡ್ಯ_ರೈಡರ್
ಎಲ್ಲರಿಗೂ ಥ್ಯಾಂಕ್ಸ್. ಒಂದೇ ವರ್ಷದ ಕೋರ್ಸು, ನಾನೇ ಅಧ್ಯಕ್ಷ ಆಗ್ಬಹುದಾ? ಯೂನಿಯನ್ ಅರ್ಜಿ ತಿರಸ್ಕರಿಸಿದ್ರೆ ಏನು ಮಾಡೋದು?

ಖಜಾಂಚಿ_ಕೊಡಗು
ಆಗ್ಬೇಡಿ. ಕಮಿಟಿ ಚುನಾವಣೆ ಮಾರ್ಚ್ ಸುಮಾರಿಗೆ, ಮರು-ನೋಂದಣಿ ಮೇ ಸುತ್ತ, ಫ್ರೆಶರ್ಸ್ ಫೇರ್ (ಹೊಸ ವಿದ್ಯಾರ್ಥಿಗಳ ಮೇಳ) ಸ್ಟಾಲ್ ಬುಕಿಂಗ್ ಬೇಸಿಗೆ ರಜೆಯಲ್ಲಿ. ಅಷ್ಟೊತ್ತಿಗೆ ನೀವು ಡಿಸರ್ಟೇಶನ್‌ನಲ್ಲಿ ಮುಳುಗಿರ್ತೀರಿ, ಸೆಪ್ಟೆಂಬರ್‌ಗೆ ವಾಪಸ್. ಮಾಸ್ಟರ್ಸ್‌ನವರೇ ಮಾಡಿದ ಕ್ಲಬ್ಬು ಎರಡನೇ ಶರತ್ಕಾಲ ನೋಡೋದು ಅಪರೂಪ. ಎರಡನೇ ವರ್ಷದ ಪದವಿ ವಿದ್ಯಾರ್ಥಿನ ಅಧ್ಯಕ್ಷ ಮಾಡಿ, ಅಲ್ಲೇ ಹುಟ್ಟಿ ಬೆಳೆದ ಪಂಜಾಬಿ, ತಮಿಳು, ಗುಜರಾತಿ ಹುಡುಗರು ಸಿಗ್ತಾರೆ. ನೀವು ಖಜಾಂಚಿ ಆಗಿ, ಸಹಿ ಅಧಿಕಾರ ಜೂನ್‌ನಲ್ಲೇ ದಾಟಿಸಿ. ಜುಲೈ ಕೊನೆಗೆ ಲೆಕ್ಕ ಮುಗಿಸೋ ಯೂನಿಯನ್‌ಗಳಲ್ಲಿ ಖರ್ಚಾಗದ ಗ್ರಾಂಟ್ ವಾಪಸ್ ಹೋಗುತ್ತೆ, ಸದಸ್ಯತ್ವದ ದುಡ್ಡು ಉಳಿಯುತ್ತೆ. ಅದಕ್ಕೇ ಗ್ರಾಂಟ್ ಮೊದಲು ಖಾಲಿ ಮಾಡಿ. ಮುಂಚೆ ಅನುಮತಿ ಇಲ್ಲದೆ ಕೈಯಿಂದ ಹಾಕಿದ ದುಡ್ಡಿಗೆ ರಸೀದಿ ಇದ್ರೂ ಕೊಡದಿರಬಹುದು.

ತಿರಸ್ಕಾರಕ್ಕೆ: 1994ರ ಶಿಕ್ಷಣ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಕ್ಲಬ್ಬುಗಳಿಗೆ ಸಂಪನ್ಮೂಲ ಹಂಚೋ ವಿಧಾನ ನ್ಯಾಯವಾಗಿರಬೇಕು, ಬರಹದಲ್ಲಿರಬೇಕು, ಎಲ್ಲ ವಿದ್ಯಾರ್ಥಿಗಳಿಗೂ ಸಿಗಬೇಕು. ಆ ಕಾಗದ ಕೇಳಿ.

ಹುಬ್ಳಿ_ಡಿಫೆಂಡರ್
ಕಾಯ್ದೆ ತೋರಿಸಿದ್ರ ಹಾಲ್ ಹುಟ್ಟತೈತೇನ್ರಿ? ವಿಧಾನ ನ್ಯಾಯವಾಗಿ ಬರದಿರ್ತಾರ, ಸ್ಲಾಟ್ ಮಾತ್ರ ಖಾಲಿ ಇರೂದಿಲ್ಲ. ಜೂಡೋ ಕ್ಲಬ್ ಅಧ್ಯಕ್ಷರಿಗೆ ಮೊದಲ ಮೇಲ್ ಹಾಕ್ರಿ, ಕಾಯ್ದೆ ಆಮ್ಯಾಲ.

ಕುಂದಾಪ್ರ_ಮ್ಯಾಟ್
ಇದೊಂದು ಮಾತು ಸರಿ ಹೇಳಿದ್ರಿ. ಇಮೇಲಿನಲ್ಲಿ 48 ಮ್ಯಾಟ್ ಅಂತ ಸಂಖ್ಯೆ ಹಾಕಿ, 'ಸ್ವಲ್ಪ ಮ್ಯಾಟ್' ಅಂತ ಬರೀಬೇಡಿ. ಮತ್ತೆ ಡ್ಯಾಶ್ ಹೊಡೆಯುವ ಕೊಡಗಿನವರನ್ನ ಆ ಇಮೇಲಿನಿಂದ ದೂರ ಇಡಿ.

ಖಜಾಂಚಿ_ಕೊಡಗು
ರನ್-ಆಫ್ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.