15 ವ್ಯಾಟ್ ವಾಲ್ವ್ ಕಾಂಬೊ: ಸ್ಪೀಕರ್ ಬದಲಿಸಬೇಕು, 8 ಓಮ್ ಜಾಗಕ್ಕೆ 16 ಓಮ್ ಹಾಕಬಹುದೇ?

ತಂತಿಮೀಟು:

ಗಿಟಾರ್ ಆಂಪ್, ಎರಡು ಇಎಲ್84 ವಾಲ್ವ್ ಇರುವ 15 ವ್ಯಾಟ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ), ಹಿಂಬದಿ ಅರ್ಧ ತೆರೆದದ್ದು. ಒಳಗೆ 12 ಇಂಚಿನ ಒಂದೇ ಸ್ಪೀಕರ್, ಅದರ ಚೀಟಿಯಲ್ಲಿ 8 ಓಮ್, 30 ವ್ಯಾಟ್ ಅಂತಿದೆ. ಆರನೇ ತಂತಿಯ ಮೊದಲ ಐದಾರು ಫ್ರೆಟ್‌ಗಳಲ್ಲಿ ಸ್ವರದ ಜೊತೆಗೇ ಗರಗರ ಸದ್ದು ಬರುತ್ತಿದೆ. ವಾಲ್ಯೂಮ್ ತಗ್ಗಿಸಿದರೂ ಹೋಗುವುದಿಲ್ಲ. ತೆಳು ತಂತಿಗಳಲ್ಲಿ ಏನೂ ತೊಂದರೆಯಿಲ್ಲ.

ಕೇಳಬೇಕಾದ್ದು ಇಷ್ಟು: ಇದು ಸ್ಪೀಕರ್‌ನದ್ದೇ ದೋಷವೇ? 16 ಓಮ್‌ನ ಒಳ್ಳೆಯ ಸ್ಪೀಕರ್ ಒಂದು ಸಿಗುತ್ತಿದೆ, ಆಂಪ್‌ನಲ್ಲಿ 8 ಓಮ್‌ನ ಒಂದೇ ಜಾಕ್ ಇದೆ, ಹಾಕಬಹುದೇ? 15 ವ್ಯಾಟ್ ಆಂಪ್‌ಗೆ 60 ವ್ಯಾಟ್ ಸ್ಪೀಕರ್ ಕೂರಿಸಿದರೆ ಸದ್ದು ಕುಗ್ಗುತ್ತದೆಯೇ? ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಇದೆ.

ಬೆಸುಗೆಕೋಲು:

ಹೊಸದು ತರುವ ಮುಂಚೆ ಪರೀಕ್ಷೆ ಮಾಡಿ. ಗರಗರಕ್ಕೆ ಹತ್ತು ಕಾರಣ ಇರಬಹುದು, ಸ್ಪೀಕರ್ ಅದರಲ್ಲಿ ಒಂದು ಅಷ್ಟೇ.

ಅದೇ ಸ್ವರವನ್ನು ಬೇರೆಯವರು ಮೀಟುತ್ತಿರಲಿ, ನೀವು ಹಿಂಬದಿ ಹಲಗೆ, ಹಿಡಿಕೆ, ಮುಂದಿನ ಬಟ್ಟೆಯ ಚೌಕಟ್ಟು, ರಿವರ್ಬ್ ಪೆಟ್ಟಿಗೆ, ಎಲ್ಲವನ್ನೂ ಒಂದೊಂದಾಗಿ ಅಂಗೈಯಲ್ಲಿ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ತಪ್ಪು ಅದರದ್ದು. ವಾಲ್ವ್‌ಗಳನ್ನು ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ.

ಅಲ್ಲಿ ಏನೂ ಸಿಗದಿದ್ದರೆ ಆಂಪ್ ಆರಿಸಿ, ಪ್ಲಗ್ ಕಿತ್ತು, ಸ್ಪೀಕರ್ ನೋಡಿ. ಟಾರ್ಚನ್ನು ಕೋನ್‌ನ ಹಿಂದಿನಿಂದ ಹಿಡಿದರೆ ಸಣ್ಣ ಸೀಳೂ ಕಾಣುತ್ತದೆ. ನಡುವಿನ ಡಸ್ಟ್ ಕ್ಯಾಪ್‌ನ ಅಂಚು ಬಿಟ್ಟುಕೊಂಡಿದೆಯೇ, ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ತಂತಿ ಕೋನ್‌ಗೆ ಬಡಿಯುತ್ತಿದೆಯೇ ನೋಡಿ. ಇವೆಲ್ಲ ಅಂಟಿನಲ್ಲಿ, ಬೆಸುಗೆಯಲ್ಲಿ ಸರಿಯಾಗುವ ಕೆಲಸ. ಬೆರಳುದ್ದದ ಸೀಳಿಗೆ ತೆಳುವಾದ ಟಿಶ್ಯೂ ಕಾಗದವೂ ಬಿಳಿ ಅಂಟೂ ಸಾಕು.

ಆಮೇಲೆ ಡಸ್ಟ್ ಕ್ಯಾಪ್‌ನ ಎರಡೂ ಬದಿಯಲ್ಲಿ ಬೆರಳಿಟ್ಟು, ಸಮನಾಗಿ, ಎರಡು ಮೂರು ಮಿಲಿಮೀಟರ್ ಮಾತ್ರ ಮೆಲ್ಲಗೆ ಒತ್ತಿ ಬಿಡಿ. ನಿಶ್ಶಬ್ದವಾಗಿ ಹೋಗಿ ಬರಬೇಕು. ಕೆರೆದ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನ್‌ನ ಹಿಂದೆ ಅಂಟಿರುವ ತಂತಿಸುರುಳಿ) ಮ್ಯಾಗ್ನೆಟ್‌ನ ಸಂದಿಗೆ ಉಜ್ಜುತ್ತಿದೆ ಎಂದರ್ಥ. ಆಗಲೂ ಕೂಡಲೇ ಎಸೆಯಬೇಡಿ. ಸ್ಪೀಕರ್ ಹಿಡಿದ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಒತ್ತಿ ನೋಡಿ. ಅತಿ ಬಿಗಿ ಮಾಡಿದ ನಟ್ ತಗಡಿನ ಫ್ರೇಮನ್ನು ತಿರುಚುತ್ತದೆ, ಕಾಯಿಲ್ ಆಚೀಚೆ ಇರುವ ಜಾಗ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಅದರಿಂದಲೂ ಹೋಗದಿದ್ದರೆ ಸ್ಪೀಕರನ್ನು ಬಿಚ್ಚಿ 180 ಡಿಗ್ರಿ ತಿರುಗಿಸಿ ಕೂರಿಸಿ ನೋಡಬಹುದು. ವರ್ಷಗಟ್ಟಲೆ ಒಂದೇ ಕಡೆಗೆ ಜೋತು ಬಿದ್ದ ಸ್ಪೈಡರ್ (ಕಾಯಿಲನ್ನು ನಡುವೆ ಹಿಡಿದಿಡುವ ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆ) ಇನ್ನೊಂದು ಕಡೆಗೆ ಬಾಗಿ ಕೆಲವು ಕಾಲ ದಾರಿಗೆ ಬರುತ್ತದೆ.

ಮೀಟರ್ ಹಿಡಿಯುವಾಗ ಸ್ಪೀಕರ್‌ನ ಒಂದು ವೈರನ್ನಾದರೂ ಕಳಚಿರಬೇಕು. ಇಲ್ಲದಿದ್ದರೆ ವಾಲ್ವ್‌ಗಳಿಗೂ ಸ್ಪೀಕರ್‌ಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸುರುಳಿ ಅಡ್ಡ ಬಂದು ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ, ಕಾಯಿಲ್ ಶಾರ್ಟ್ ಆಗಿದೆ ಅಂತ ಹೆದರುತ್ತೀರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರಿಂದ 7, 16 ಓಮ್‌ನದ್ದು 12–13, 4 ಓಮ್‌ನದ್ದು 3ರ ಮೇಲೆ ಸ್ವಲ್ಪ ತೋರಿಸುವುದು ಸಹಜ. ಚೀಟಿಯ ಅಂಕಿ ಎಸಿ ಇಂಪೀಡೆನ್ಸ್‌ನದ್ದು (ಸದ್ದಿನ ಅಲೆಗೆ ಒಡ್ಡುವ ತಡೆ), ಮೀಟರ್ ಅಳೆಯುವುದು ಡಿಸಿ ತಡೆ.

ಕೆರೆತ ಇದ್ದರೆ ಸ್ಪೀಕರ್ ಸರಿಯಾಗುವವರೆಗೆ ಜೋರಾಗಿ ನುಡಿಸಬೇಡಿ. ಉಜ್ಜಿ ಉಜ್ಜಿ ಕಾಯಿಲ್ ತುಂಡಾದರೆ ಆಂಪ್‌ಗೆ ಲೋಡ್ ಇಲ್ಲದಂತಾಗುತ್ತದೆ, ವಾಲ್ವ್ ಆಂಪ್‌ಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ಎಂಟು_ಓಮ್:

ಎರಡನೇ ಪ್ರಶ್ನೆಗೆ: ಬೇಡ. 8 ಓಮ್ ಜಾಕ್‌ಗೆ 16 ಓಮ್ ಸಿಕ್ಕಿಸಿದರೆ ವಾಲ್ವ್‌ಗಳಿಗೆ ಟ್ರಾನ್ಸ್‌ಫಾರ್ಮರ್ ಮೂಲಕ ಕಾಣುವ ಲೋಡ್ ಎರಡು ಪಟ್ಟಾಗುತ್ತದೆ. ವಾಲ್ವ್‌ನೊಳಗಿನ ಪ್ಲೇಟ್‌ನಲ್ಲಿ ವೋಲ್ಟೇಜ್ ಹೆಚ್ಚು ತುಯ್ಯುತ್ತದೆ. ಜೋರಾಗಿ ನುಡಿಸುವಾಗ ಸಾಕೆಟ್‌ನಲ್ಲೋ ಟ್ರಾನ್ಸ್‌ಫಾರ್ಮರ್‌ನ ಸುರುಳಿಗಳ ನಡುವೆಯೋ ಕಿಡಿ ಹಾರುವ ಸಂಭವ ಏರುತ್ತದೆ. ಉಲ್ಟಾ, ಅಂದರೆ 4 ಓಮ್ ಹಾಕಿದರೆ, ವಾಲ್ವ್‌ಗಳು ಹೆಚ್ಚು ಕರೆಂಟ್ ಎಳೆದು ಬೇಗ ಸವೆಯುತ್ತವೆ.

60 ವ್ಯಾಟ್ ಅನ್ನುವುದು ಸ್ಪೀಕರ್ ತಾಳಿಕೊಳ್ಳುವ ಮಿತಿ, ಅದು ಕುಡಿಯುವ ಪ್ರಮಾಣ ಅಲ್ಲ. ಸದ್ದನ್ನು ನಿರ್ಧರಿಸುವುದು ಸೆನ್ಸಿಟಿವಿಟಿ: 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನುವುದು. ಸೆಲೆಸ್ಚನ್‌ನ ಗ್ರೀನ್‌ಬ್ಯಾಕ್ 25 ವ್ಯಾಟ್, 98 ಡೆಸಿಬೆಲ್. ಅದೇ ಕಂಪನಿಯ ವಿಂಟೇಜ್ 30 ತಾಳುವುದು 60 ವ್ಯಾಟ್ (ಹೆಸರಿನ 30 ನೋಡಿ ಮೋಸ ಹೋಗುವವರು ಬಹಳ), 100 ಡೆಸಿಬೆಲ್. ಅಂದರೆ ಹೆಚ್ಚು ವ್ಯಾಟ್‌ನದ್ದೇ ಇಲ್ಲಿ ಹೆಚ್ಚು ಸದ್ದಿನದ್ದು. 3 ಡೆಸಿಬೆಲ್ ಏರಿಕೆ ಎಂದರೆ ಆಂಪ್‌ನ ಶಕ್ತಿ ಎರಡು ಪಟ್ಟಾದ ಹಾಗೆ. ಜನ ವ್ಯಾಟ್ ಹಿಂದೆ ಬೀಳುತ್ತಾರೆ, ಡೆಸಿಬೆಲ್ ಸಾಲನ್ನು ಓದುವುದೇ ಇಲ್ಲ.

15 ವ್ಯಾಟ್ ಎಂದು ಬರೆದಿರುವುದು ಸ್ವಚ್ಛ ದನಿಯ ಲೆಕ್ಕ. ಪೂರ್ತಿ ಓವರ್‌ಡ್ರೈವ್ ಮಾಡಿದಾಗ ಅಲೆ ಚೌಕವಾಗುತ್ತಾ ಹೋಗುತ್ತದೆ, ಅಷ್ಟೇ ಎತ್ತರದ ಚೌಕ ಅಲೆಯಲ್ಲಿ ಸೈನ್ ಅಲೆಯ ಎರಡು ಪಟ್ಟು ಶಕ್ತಿ ಇರುತ್ತದೆ. ಹಾಗಾಗಿ ಒಂದೇ ಸ್ಪೀಕರ್ ಇರುವಲ್ಲಿ ಆಂಪ್‌ನ ಎರಡು ಪಟ್ಟು ತಾಳುವುದನ್ನು ಆರಿಸಿ. ನಿಮಗೆ 30 ಮತ್ತು ಮೇಲಕ್ಕೆ.

ಮಂದ್ರ:

16 ಓಮ್ ವಿಷಯದಲ್ಲಿ ಅಷ್ಟು ಹೆದರಿಸಬೇಕಿಲ್ಲ. ಒಂದು ಹೆಜ್ಜೆಯ ವ್ಯತ್ಯಾಸವನ್ನು ತಾಳಿಕೊಂಡ ಆಂಪ್‌ಗಳು ಬೇಕಾದಷ್ಟಿವೆ. ಇನ್ನೊಂದು ದಾರಿಯೂ ಇದೆ: ಕೆಲವು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ 16 ಓಮ್‌ನ ವೈರ್ ಇದ್ದು, ಅದನ್ನು ಬಳಸದೆ ತುದಿಗೆ ಟೇಪ್ ಸುತ್ತಿ ಒಳಗೇ ಬಿಟ್ಟಿರುತ್ತಾರೆ.

ಎಂಟು_ಓಮ್:

ತಾಳಿಕೊಂಡವು ಇವೆ, ಒಪ್ಪಿದೆ. ತಾಳದವೂ ಇವೆ, ಯಾವುದು ಯಾವ ಗುಂಪಿನದು ಎಂದು ಹೊರಗಿನಿಂದ ಗೊತ್ತಾಗದು. ಆ ವೈರ್ ಹುಡುಕಲು ಷಾಸಿ (ಸರ್ಕ್ಯೂಟ್ ಕೂತಿರುವ ತಗಡಿನ ಪೆಟ್ಟಿಗೆ) ಬಿಚ್ಚಬೇಕು. ಒಳಗೆ ವಿದ್ಯುತ್ ಹಿಡಿದಿಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಆಸುಪಾಸು ಉಳಿದಿರಬಹುದು. ಅದನ್ನು ಇಳಿಸಿ ಅಳೆದು ನೋಡುವ ಅಭ್ಯಾಸ ಇಲ್ಲದವರು ಅತ್ತ ಹೋಗಬಾರದು. ಸ್ಪೀಕರ್ ಬದಲಿಸುವ ಕೆಲಸಕ್ಕೆ ಷಾಸಿ ಮುಟ್ಟುವ ಅಗತ್ಯವೇ ಇಲ್ಲ. ಹೇಗೂ ಹೊಸದು ಕೊಳ್ಳುತ್ತಿದ್ದಾರೆ, 8 ಓಮ್‌ನದ್ದನ್ನೇ ಕೊಂಡರಾಯಿತು.

ತಂತಿಮೀಟು:

ಹೇಳಿದಂತೆ ನೋಡಿದೆ. ಮೀಟರ್‌ನಲ್ಲಿ 6.4 ಬಂತು. ಕೋನ್ ಒತ್ತಿದರೆ ಸ್ಪಷ್ಟವಾಗಿ ಕೆರೆಯುತ್ತದೆ, ನಟ್ ಸಡಿಲಿಸಿದರೂ ತಿರುಗಿಸಿದರೂ ಹೋಗಲಿಲ್ಲ. 8 ಓಮ್, 60 ವ್ಯಾಟ್‌ನದ್ದನ್ನು ತೆಗೆದುಕೊಳ್ಳುವುದು ಅಂತ ತೀರ್ಮಾನಿಸಿದೆ. ಅದರ ಮ್ಯಾಗ್ನೆಟ್ ಹಳೆಯದಕ್ಕಿಂತ ದಪ್ಪ, ವಾಲ್ವ್‌ಗಳು ಷಾಸಿಯಿಂದ ಕೆಳಮುಖವಾಗಿ ಇಳಿಬಿದ್ದಿವೆ. ಕೂರಿಸುವಾಗ ಏನೇನು ಗಮನಿಸಬೇಕು?

ಬೆಸುಗೆಕೋಲು:

ಕೊಳ್ಳುವ ಮುಂಚೆಯೇ ಅಳತೆ. ಬ್ಯಾಫಲ್ ಹಲಗೆಯ (ಸ್ಪೀಕರ್ ಕೂರುವ ಮುಂಬದಿ ಹಲಗೆ) ಹಿಂಬದಿಯಿಂದ ಹತ್ತಿರದ ಅಡ್ಡಿಯವರೆಗೆ (ವಾಲ್ವ್, ಟ್ರಾನ್ಸ್‌ಫಾರ್ಮರ್, ರಿವರ್ಬ್ ಪೆಟ್ಟಿಗೆ) ಎಷ್ಟಿದೆ ನೋಡಿ, ಸ್ಪೀಕರ್‌ನ ವಿವರಪಟ್ಟಿಯಲ್ಲಿರುವ ಆಳಕ್ಕೆ ಹೋಲಿಸಿ. ಆಳ ಸರಿಹೋದರೆ ಸಾಲದು. ದೊಡ್ಡ ಮ್ಯಾಗ್ನೆಟ್‌ನ ಅಗಲವೂ ಮೇಲಕ್ಕೆ ವಾಲ್ವ್‌ನತ್ತ ಚಾಚುತ್ತದೆ. ವಾಲ್ವ್‌ನ ಗಾಜಿಗೂ ಮ್ಯಾಗ್ನೆಟ್‌ಗೂ ನಡುವೆ ಎರಡು ಬೆರಳು ಆಡುವಷ್ಟಾದರೂ ಜಾಗ ಇರಲಿ. ಸ್ಕ್ರೂ ತೂತುಗಳ ವೃತ್ತ 12 ಇಂಚಿನವುಗಳಲ್ಲಿ ಬಹುಮಟ್ಟಿಗೆ ಒಂದೇ, ಹೊಸದರಲ್ಲಿ ಎಂಟು ತೂತು, ಹಲಗೆಯಲ್ಲಿ ನಾಲ್ಕೇ ಬೋಲ್ಟ್ ಇದ್ದರೂ ನಡೆಯುತ್ತದೆ.

ತೂಕವನ್ನೂ ನೋಡಿ. ದೊಡ್ಡ ಸೆರಾಮಿಕ್ ಮ್ಯಾಗ್ನೆಟ್‌ನ ಸ್ಪೀಕರ್ ನಾಲ್ಕೂವರೆ ಕಿಲೋ ದಾಟುತ್ತದೆ. ತೆಳುವಾದ ಪಾರ್ಟಿಕಲ್ ಬೋರ್ಡ್ ಹಲಗೆಗೆ ಮರದ ಸ್ಕ್ರೂನಲ್ಲಿ ಹಿಡಿಸಿದ್ದರೆ ಆ ಭಾರಕ್ಕೆ ಕಿತ್ತುಬರಬಹುದು. ಬೋಲ್ಟ್ ಮತ್ತು ಟಿ-ನಟ್‌ಗೆ ಬದಲಿಸಿಕೊಳ್ಳಿ. ನಿಯೋಡಿಮಿಯಮ್ ಮ್ಯಾಗ್ನೆಟ್‌ನವು ಎರಡು ಕಿಲೋ ಆಸುಪಾಸು, ಹೊತ್ತು ತಿರುಗುವವರಿಗೆ ಅದು ದೊಡ್ಡ ವರ.

ಕೆಲಸ ಹೀಗೆ. ಆಂಪ್ ಆರಿಸಿ, ಪ್ಲಗ್ ಕಿತ್ತು, ವಾಲ್ವ್ ತಣ್ಣಗಾಗಲು ಅರ್ಧ ಗಂಟೆ ಬಿಡಿ. ಮೃದುವಾದ ಬಟ್ಟೆಯ ಮೇಲೆ ಆಂಪನ್ನು ಮುಖ ಕೆಳಗಾಗಿ ಮಲಗಿಸಿ, ಹಿಂಬದಿ ಹಲಗೆ ತೆಗೆಯಿರಿ. ಯಾವ ಬಣ್ಣದ ವೈರ್ ಯಾವ ಟರ್ಮಿನಲ್‌ಗೆ ಎಂದು ಫೋಟೊ ತೆಗೆದುಕೊಂಡು ಕಳಚಿ. ವೈರ್ ಎಳೆಯಬೇಡಿ, ಕನೆಕ್ಟರನ್ನೇ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ನಟ್‌ಗಳನ್ನು ಎದುರುಬದುರಾಗಿ ಸಡಿಲಿಸಿ. ಗ್ಯಾಸ್ಕೆಟ್ ವರ್ಷಗಳಿಂದ ಹಲಗೆಗೆ ಅಂಟಿರುತ್ತದೆ, ಫ್ರೇಮಿನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಸುತ್ತಲೂ ಸ್ವಲ್ಪ ಸ್ವಲ್ಪ ಎಬ್ಬಿಸಿ.

ಕೋನ್ ತೂತಾಗುವುದು ಈ ಹಂತದಲ್ಲೇ. ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ತನ್ನತ್ತ ಸೆಳೆಯುತ್ತದೆ, ಜಾರಿದ ತುದಿ ನೇರ ಕಾಗದಕ್ಕೇ ಹೋಗುತ್ತದೆ. ಸ್ಪ್ಯಾನರ್ ಅಥವಾ ಸಾಕೆಟ್ ಬಳಸುವುದು ಲೇಸು. ಸ್ಕ್ರೂಡ್ರೈವರೇ ಬೇಕಾದರೆ ಫ್ರೇಮಿನ ಕಿಟಕಿಗಳಿಗೆ ರಟ್ಟು ತುರುಕಿ, ಇನ್ನೊಂದು ಕೈಯಲ್ಲಿ ತುದಿಯನ್ನು ಸ್ಕ್ರೂ ಮೇಲೇ ಹಿಡಿದಿರಿ. ಕಬ್ಬಿಣದ ಪುಡಿ, ಬೆಸುಗೆಯ ಚೂರು ಇರುವ ಮೇಜಿನ ಮೇಲೆ ಸ್ಪೀಕರ್ ಇಡಲೇಬಾರದು. ಸಂದಿಯೊಳಗೆ ಒಂದು ಕಣ ಹೋದರೂ ಹೊಸದಕ್ಕೂ ಹಳೆಯದರ ಗತಿಯೇ.

ಹೊಸ ಸ್ಪೀಕರ್ ಕೂರಿಸುವಾಗ ಟರ್ಮಿನಲ್‌ಗಳು ಹಳೆಯದು ಇದ್ದ ದಿಕ್ಕಿಗೇ ಬರಲಿ, ಇಲ್ಲದಿದ್ದರೆ ವೈರ್ ನಿಲುಕುವುದಿಲ್ಲ. ಎಲ್ಲ ನಟ್‌ಗಳನ್ನೂ ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಗ್ಯಾಸ್ಕೆಟ್ ಕೊಂಚ ಅಮುಕಿದರೆ ಸಾಕು, ಅಲ್ಲಿ ನಿಲ್ಲಿಸಿ. ವಾರ ಬಿಟ್ಟು ಮತ್ತೊಮ್ಮೆ ನೋಡಿ, ಗ್ಯಾಸ್ಕೆಟ್ ಕೂತು ನಟ್ ಸಡಿಲವಾಗಿರುತ್ತದೆ.

ಟರ್ಮಿನಲ್ ಅಗಲ ಎಲ್ಲದರಲ್ಲೂ ಒಂದೇ ಅಲ್ಲ. ಹಳೆಯ ಕನೆಕ್ಟರ್ ಸಡಿಲವಾಗಿ ಕೂತರೆ ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿ, ಹೊಂದದಿದ್ದರೆ ಸರಿಯಾದ ಅಳತೆಯದ್ದನ್ನು ಕ್ರಿಂಪ್ ಮಾಡಿ. ಬೆಸುಗೆ ಹಾಕುವುದಾದರೆ ಕೋನ್ ಮೇಲೆ ರಟ್ಟು ಮುಚ್ಚಿ, ಬಿಸಿ ಕೋಲನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ. ಇಟ್ಟರೆ ಒಳಬದಿಗೆ ಸೇರಿದ ಹೆಣೆದ ತಂತಿಯ ಬೆಸುಗೆ ಕರಗಿ ಬಿಟ್ಟುಕೊಳ್ಳುತ್ತದೆ. ವೈರ್ ಬದಲಿಸುವುದಾದರೆ 1 ಚದರ ಮಿಲಿಮೀಟರ್‌ನ ಸಾದಾ ಜೋಡಿ ವೈರ್ ಸಾಕು. ಗಿಟಾರ್‌ನ ಶೀಲ್ಡ್ ಕೇಬಲ್ ಅಲ್ಲಿಗೆ ಬೇಡ, ಅದರ ನಡುವಿನ ತಂತಿ ತೀರಾ ತೆಳು.

ಸ್ಪೀಕರ್‌ಗೆ ವೈರ್ ಎರಡೂ ಸಿಕ್ಕಿಸಿ, ಜಾಕ್‌ಗೆ ಹಾಕುವ ಮುಂಚೆ ವೈರ್‌ನ ಇನ್ನೊಂದು ತುದಿಯ ಪ್ಲಗ್‌ನಲ್ಲಿ ಮೀಟರ್ ಹಿಡಿದು 6–7 ಓಮ್ ಬಂತೆಂದು ನೋಡಿ, ಜಾಕ್‌ಗೆ ಸಿಕ್ಕಿಸಿದ ಮೇಲೇ ಆಂಪ್ ಹಚ್ಚಿ. "ವಾಲ್ವ್ ಬಿಸಿಯಾಗಲಿ, ಅಷ್ಟರಲ್ಲಿ ಸಿಕ್ಕಿಸುತ್ತೇನೆ" ಅನ್ನುವ ಆತುರ ಬೇಡ.

ಕೀಬೋರ್ಡಿಗ:

ನಡುವೆ ಬಾಯಿ ಹಾಕುತ್ತೇನೆ. ನನ್ನದು ಟ್ರಾನ್ಸಿಸ್ಟರ್ ಆಂಪ್, 4 ಓಮ್ ಸ್ಪೀಕರ್. ಅದಕ್ಕೆ 8 ಓಮ್ ಗಿಟಾರ್ ಸ್ಪೀಕರ್ ಹಾಕಿ ಕೀಬೋರ್ಡ್ ನುಡಿಸಬಹುದೇ?

ಎಂಟು_ಓಮ್:

ಟ್ರಾನ್ಸಿಸ್ಟರ್ ಆಂಪ್‌ಗೆ ನಿಯಮವೇ ಬೇರೆ: ಬರೆದಿರುವ ಓಮ್‌ಗಿಂತ ಕೆಳಗೆ ಇಳಿಯಬಾರದು, ಮೇಲೆ ಹೋಗಬಹುದು. 4ರ ಜಾಗಕ್ಕೆ 8 ಬಂದರೆ ಶಕ್ತಿ ಹತ್ತಿರಹತ್ತಿರ ಅರ್ಧವಾಗುತ್ತದೆ, 3 ಡೆಸಿಬೆಲ್ ನಷ್ಟ, ಸುಟ್ಟುಹೋಗುವುದೇನಿಲ್ಲ. ಟ್ರಾನ್ಸಿಸ್ಟರ್‌ನದಕ್ಕೆ ಶಾರ್ಟ್ (ಎರಡು ವೈರ್ ಒಂದಕ್ಕೊಂದು ತಾಗುವುದು) ಮಾರಕ, ವಾಲ್ವ್‌ನದಕ್ಕೆ ಓಪನ್ (ಸ್ಪೀಕರ್ ಸಂಪರ್ಕವೇ ಇಲ್ಲದಿರುವುದು) ಮಾರಕ.

ಆದರೆ ಕೀಬೋರ್ಡ್‌ಗೆ ಗಿಟಾರ್ ಸ್ಪೀಕರ್ ಹೊಂದುವುದಿಲ್ಲ. 5,000 ಹರ್ಟ್ಸ್ ಆಚೆಗೆ ಅದರ ದನಿ ಕುಸಿಯುತ್ತದೆ. ಗಿಟಾರ್‌ನ ಡಿಸ್ಟಾರ್ಶನ್ ಕಿವಿಗೆ ಹಿತವಾಗುವುದು ಅದರಿಂದಲೇ, ಪಿಯಾನೊ ಮಂಕಾಗುವುದೂ ಅದರಿಂದಲೇ. ನಿಮಗೆ ಬೇಕಾದ್ದು ಪೂರ್ಣ ಶ್ರೇಣಿಯ ಸ್ಪೀಕರ್, ಇಲ್ಲವೇ ಕ್ರಾಸ್‌ಓವರ್ (ಮೇಲಿನ, ಕೆಳಗಿನ ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟ್) ಜೊತೆಗೆ ಟ್ವೀಟರ್ (ಮೇಲಿನ ಸ್ವರಗಳಿಗಾಗಿ ಇರುವ ಸಣ್ಣ ಸ್ಪೀಕರ್). ಬೇಸ್ ಗಿಟಾರ್‌ನವರಿಗೂ ಇದೇ ಮಾತು, ಇನ್ನೊಂದು ತುದಿಯಿಂದ: ಬೇಸ್‌ನ ಕೆಳಗಿನ ತಂತಿ 41 ಹರ್ಟ್ಸ್, ಗಿಟಾರ್‌ನದ್ದು 82. ಗಿಟಾರ್ ಸ್ಪೀಕರ್‌ನ ಕೋನ್ ಅಷ್ಟು ಹಿಂದೆ ಮುಂದೆ ಓಡಾಡಲು ಮಾಡಿದ್ದಲ್ಲ, ಕಾಯಿಲ್ ಹೊರಬಂದು ಹಾಳಾಗುತ್ತದೆ.

ತಂತಿಮೀಟು:

ಕೂರಿಸಿ ಆಯಿತು. ಕೆರೆತ ಪೂರ್ತಿ ಹೋಯಿತು. ಎರಡು ಅನುಮಾನ: ಟರ್ಮಿನಲ್‌ನ ಪ್ಲಸ್ ಗುರುತು ಅಳಿಸಿದಂತಿದೆ, ಸರಿಯಾಗಿ ಕೊಟ್ಟಿದ್ದೇನೆಯೇ ಗೊತ್ತಾಗುವುದು ಹೇಗೆ? ದನಿ ಹಳೆಯದಕ್ಕಿಂತ ಬಿರುಸು, ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ.

ಮಂದ್ರ:

ಸ್ಪೀಕರ್ ವೈರ್ ಕಳಚಿ, 1.5 ವೋಲ್ಟ್ ಬ್ಯಾಟರಿಯನ್ನು ಒಂದು ಕ್ಷಣ ತಾಗಿಸಿ. ಕೋನ್ ಮುಂದಕ್ಕೆ ಬಂದರೆ ಬ್ಯಾಟರಿಯ ಪ್ಲಸ್ ತಾಗಿದ್ದೇ ಸ್ಪೀಕರ್‌ನ ಪ್ಲಸ್. ಹಳೆಯ ಜೆಬಿಎಲ್‌ಗಳಲ್ಲಿ ಇದು ತಿರುವುಮುರುವು, ಈಗಿನವುಗಳಲ್ಲಿ ಹೀಗೇ. ಒಂದೇ ಸ್ಪೀಕರ್ ಇರುವಲ್ಲಿ ಅದಲುಬದಲಾದರೂ ಏನೂ ಕೆಡುವುದಿಲ್ಲ. ಎರಡಿದ್ದು ಒಂದು ಉಲ್ಟಾ ಆದರೆ ಒಂದು ಮುಂದೆ ಹೋದಾಗ ಇನ್ನೊಂದು ಹಿಂದೆ ಹೋಗಿ ಮಂದ್ರ ಸ್ವರಗಳು ಮಾಯವಾಗುತ್ತವೆ.

ಬಿರುಸುತನ ಒಂದಿಷ್ಟು ತಾನಾಗಿಯೇ ಇಳಿಯುತ್ತದೆ. ಹೊಸ ಕೋನ್‌ನ ಅಂಚೂ ಸ್ಪೈಡರೂ ಗಟ್ಟಿ ಇರುತ್ತವೆ, ಹತ್ತಿಪ್ಪತ್ತು ಗಂಟೆ ಮಧ್ಯಮ ವಾಲ್ಯೂಮ್‌ನಲ್ಲಿ ದಪ್ಪ ತಂತಿಗಳನ್ನು ಹೆಚ್ಚಾಗಿ ನುಡಿಸಿ.

ಬೆಸುಗೆಕೋಲು:

ಇಳಿಯುವುದು ಸ್ವಲ್ಪ ಮಾತ್ರ, ಅದನ್ನೇ ನಂಬಿ ಕೂರಬೇಡಿ. ಹೊಸದರ ಸೆನ್ಸಿಟಿವಿಟಿ ಹೆಚ್ಚಿರುವುದರಿಂದ ಮೊದಲಿನ ಟೋನ್ ಗುರುತುಗಳು ಈಗ ನಡೆಯುವುದಿಲ್ಲ. ಟ್ರೆಬಲನ್ನು ಕಾಲು ಭಾಗ ಇಳಿಸಿ ಹೊಸದಾಗಿ ಶುರು ಮಾಡಿ. ಆಂಪ್ ನೆಲದ ಮೇಲಿದ್ದು ನೀವು ಕೂತು ನುಡಿಸುತ್ತಿದ್ದರೆ ಡಸ್ಟ್ ಕ್ಯಾಪ್‌ನ ನೇರಕ್ಕೆ ಕಿವಿ ಹತ್ತಿರವಾಗುತ್ತದೆ, ಚುಚ್ಚುವ ದನಿ ಆ ನೇರದಲ್ಲೇ ಹೆಚ್ಚು. ಆಂಪನ್ನು ಒಂದಿಷ್ಟು ಓರೆ ಮಾಡಿ ಕೇಳಿ ನೋಡಿ.

ಹಳೆಯದನ್ನು ಎಸೆಯಬೇಡಿ. ಫ್ರೇಮ್ ಬಾಗಿರದಿದ್ದರೆ, ಮ್ಯಾಗ್ನೆಟ್ ಸರಿದಿರದಿದ್ದರೆ, ಕೋನ್, ಕಾಯಿಲ್, ಸ್ಪೈಡರ್ ಮೂರನ್ನೂ ಹೊಸದು ಹಾಕಿ ರೀಕೋನ್ ಮಾಡಿಸಬಹುದು. ಸಂದಿಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮ್ಯಾಗ್ನೆಟ್ ಕೆಳಗಾಗಿ ಇಡಿ.